ಸರ್ಟಿಫಿಕೇಟ್ ಕೇಳುವವರು ಯಾರು? ನಲವತ್ತರ ಆಚೆ ಐಟಿಗೆ ಹೊರಟವರ ಲೆಕ್ಕಾಚಾರ

2025ರ ಜುಲೈ ಕೊನೆಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು ಮಂದಿಯನ್ನು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಪ್ರಕಟಿಸಿತು. ಹೋಗಬೇಕಾದವರು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರು ಎಂದೂ ಹೇಳಿತು. ಹದಿನೈದಿಪ್ಪತ್ತು ವರ್ಷ ಅದೇ ಕ್ಷೇತ್ರದಲ್ಲಿ ದುಡಿದವರು ಇರುವುದು ಈ ಹಂತಗಳಲ್ಲೇ. ಆ ಸುದ್ದಿ ಓದಿ ಮುಗಿಸುವಷ್ಟರಲ್ಲಿ ಅದೇ ಮೊಬೈಲಿನಲ್ಲಿ ಇನ್ನೊಂದು ಬಗೆಯ ಜಾಹೀರಾತು ತೇಲಿಬರುತ್ತದೆ: ವಯಸ್ಸು ಅಡ್ಡಿಯಲ್ಲ, ಕೋಡಿಂಗ್ ಬೇಕಿಲ್ಲ, ನಾಲ್ಕು ತಿಂಗಳ ಕೋರ್ಸು, ಒಂದು ಅಂತರರಾಷ್ಟ್ರೀಯ ಸರ್ಟಿಫಿಕೇಟು, ಆಮೇಲೆ ಐಟಿ ಕೆಲಸ.

ಸಹಕಾರಿ ಬ್ಯಾಂಕಿನಲ್ಲೋ, ಖಾಸಗಿ ಶಾಲೆಯಲ್ಲೋ, ಪೀಣ್ಯದ ಕಾರ್ಖಾನೆಯ ಸ್ಟೋರ್ಸಿನಲ್ಲೋ ಅರ್ಧ ಆಯಸ್ಸು ಕಳೆದು, ಇಲ್ಲಿ ಇನ್ನು ಮೇಲೇರುವ ದಾರಿಯಿಲ್ಲ ಎಂದುಕೊಂಡವರಿಗೆ ಈ ಎರಡು ಮಾತು ಒಟ್ಟಿಗೆ ಅರ್ಥವಾಗುವುದಿಲ್ಲ. ಅನುಭವ ಇರುವ ನಲವತ್ತರವರನ್ನು ಹೊರಗೆ ಕಳಿಸುವ ಉದ್ಯಮ, ಅನುಭವವೇ ಇಲ್ಲದ ನಲವತ್ತರವರನ್ನು ಒಳಗೆ ಯಾಕೆ ಕರೆಯುತ್ತದೆ? ನಿಜ ಹೇಳಬೇಕೆಂದರೆ, ಕರೆಯುತ್ತಿರುವುದು ಉದ್ಯಮವಲ್ಲ, ತರಬೇತಿ ಮಾರುವವರು. ಹಾಗೆಂದು ಅವರು ತೋರಿಸುವ ದಾರಿಯೇ ಇಲ್ಲ ಎನ್ನಲೂ ಆಗುವುದಿಲ್ಲ. ದಾರಿ ಇದೆ, ಆದರೆ ಅವರು ಬೊಟ್ಟು ಮಾಡುವ ಕಡೆ ಅಲ್ಲ.

ಕೆಲಸ ಇದೆಯೇ, ಇಲ್ಲವೇ?

2023–24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರ ಒಟ್ಟು ಸಿಬ್ಬಂದಿ ಸುಮಾರು 64 ಸಾವಿರದಷ್ಟು ಇಳಿಯಿತು. ಮರುವರ್ಷ, 2024–25ರಲ್ಲಿ, ಇಡೀ ಉದ್ಯಮಕ್ಕೆ ನಿವ್ವಳ 1.26 ಲಕ್ಷ ಉದ್ಯೋಗ ಸೇರಿ ಒಟ್ಟು ಸಂಖ್ಯೆ 58 ಲಕ್ಷಕ್ಕೆ ತಲುಪಿದೆ ಎಂದು ಐಟಿ ಕಂಪನಿಗಳ ಸಂಘಟನೆ ನಾಸ್ಕಾಂ ಅಂದಾಜಿಸಿತು. ಎರಡೂ ಸುಳ್ಳಲ್ಲ. ಐಟಿ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಲೆಕ್ಕದಲ್ಲಿ ನಡೆಯುವ ಅಂಗಡಿಗಳಿವೆ.

ಸೇವಾ ಕಂಪನಿಗಳು ಗ್ರಾಹಕರಿಗೆ ಜನರ ಗಂಟೆಗಳನ್ನು ಮಾರುತ್ತವೆ. ವಿದೇಶಿ ಕಂಪನಿಗಳು ಇಲ್ಲಿ ತೆರೆದಿರುವ ಸ್ವಂತ ಕಚೇರಿಗಳು, ಅಂದರೆ ಜಿಸಿಸಿಗಳು, ತಮ್ಮದೇ ಬ್ಯಾಂಕಿನ, ವಿಮೆಯ, ಔಷಧ ಕಂಪನಿಯ ಕೆಲಸವನ್ನು ಮಾಡಿಸಿಕೊಳ್ಳುತ್ತವೆ. ದೇಶದಲ್ಲಿ ಇಂಥವು 1,700ಕ್ಕೂ ಹೆಚ್ಚಿವೆ, ದೊಡ್ಡ ಪಾಲು ಬೆಂಗಳೂರಿನದು. 2024ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಇವಕ್ಕಾಗಿಯೇ ಪ್ರತ್ಯೇಕ ನೀತಿ ತಂದು, 2029ರೊಳಗೆ ಇನ್ನೂ 500 ಕೇಂದ್ರಗಳ ಗುರಿ ಇಟ್ಟುಕೊಂಡಿತು. ಒಂದು ಕಡೆ ಕಡಿತ, ಇನ್ನೊಂದು ಕಡೆ ನೇಮಕ ಏಕಕಾಲಕ್ಕೆ ನಡೆಯುವುದು ಹೀಗೆ. ಹಾಗಾಗಿ "ಐಟಿಯಲ್ಲಿ ಕೆಲಸ ಇದೆಯಾ" ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಯಾವ ಅಂಗಡಿಯಲ್ಲಿ, ಎಷ್ಟನೇ ಮೆಟ್ಟಿಲಿನಲ್ಲಿ ಎಂದು ಕೇಳಬೇಕು.

ಕಿಯೋನಿಕ್ಸ್ ಕಾಲದ ನೆನಪು

ಸರ್ಟಿಫಿಕೇಟ್ ಹಿಡಿದರೆ ಕೆಲಸ ಎಂಬ ನಂಬಿಕೆ ಬರೀ ಜಾಹೀರಾತಿನಿಂದ ಹುಟ್ಟಿದ್ದಲ್ಲ. ತೊಂಬತ್ತರ ದಶಕದಲ್ಲಿ ಜಿಲ್ಲಾ ಕೇಂದ್ರಗಳಲ್ಲೂ ತಾಲ್ಲೂಕುಗಳಲ್ಲೂ ಕಿಯೋನಿಕ್ಸ್, ಎನ್‌ಐಐಟಿ, ಆಪ್ಟೆಕ್ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳು ಎದ್ದವು. ಬಿ.ಕಾಂ, ಬಿ.ಎಸ್ಸಿ ಮುಗಿಸಿ ಒಂದು ವರ್ಷದ ಡಿಪ್ಲೊಮಾ ಮಾಡಿ ಬೆಂಗಳೂರಿನ ಬಸ್ಸು ಹತ್ತಿದವರಲ್ಲಿ ಹಲವರು ಮುಂದೆ ಅಮೆರಿಕಕ್ಕೂ ಹೋದರು. ಆಗ 2000ನೇ ಇಸವಿಯ ದಿನಾಂಕದ ಸಮಸ್ಯೆ ಸರಿಪಡಿಸಲು ಜಗತ್ತಿಗೆ ಕೈಗಳು ಬೇಕಿದ್ದವು, ಎಂಜಿನಿಯರಿಂಗ್ ಪದವೀಧರರು ಸಾಕಷ್ಟು ಇರಲಿಲ್ಲ. ಕೊರತೆ ಇದ್ದುದರಿಂದ ಕಾಗದ ಓಡಿತು.

ಅದರ ಬೆನ್ನಿಗೇ "ಪೇಪರ್ ಎಂಸಿಎಸ್‌ಇ" ಎಂಬ ಗೇಲಿ ಹುಟ್ಟಿತು. ಮೈಕ್ರೋಸಾಫ್ಟಿನ ಪರೀಕ್ಷೆ ಪಾಸಾಗಿದ್ದರೂ ಒಂದು ಸರ್ವರ್ ಎಬ್ಬಿಸಲು ಬಾರದವರಿಗೆ ಇಟ್ಟ ಹೆಸರು ಅದು. ಡಾಟ್‌ಕಾಂ ಗುಳ್ಳೆ ಒಡೆದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳು ಬೀದಿಗೊಂದರಂತೆ ಎದ್ದವು, ಕ್ಯಾಂಪಸ್ ನೇಮಕಾತಿಯೇ ಹೆಬ್ಬಾಗಿಲಾಯಿತು. ಕೈಗಳ ಕೊರತೆ ತೀರಿತು. ಸರ್ಟಿಫಿಕೇಟು ಸಾಯಲಿಲ್ಲ, ಆದರೆ ಜಾಗ ಬದಲಿಸಿತು: ಹೊರಗಿನಿಂದ ಒಳಗೆ ಬರುವ ಚೀಟಿಯಾಗಿದ್ದದ್ದು ಒಳಗೆ ಇರುವವರ ಎದೆಯ ಬಿಲ್ಲೆಯಾಯಿತು.

ಬಿಲ್ಲೆ ಯಾರಿಗೆ ಬೇಕು?

ಇಡೀ ಗೊಂದಲದ ಗಂಟು ಇಲ್ಲಿದೆ. ಅಮೆಜಾನ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ತಮ್ಮ ಕ್ಲೌಡ್ ಸೇವೆಯನ್ನು, ಅಂದರೆ ಅಂತರ್ಜಾಲದ ಮೂಲಕ ಬಾಡಿಗೆಗೆ ಕೊಡುವ ಕಂಪ್ಯೂಟರ್ ಸೌಲಭ್ಯವನ್ನು, ಗ್ರಾಹಕರಿಗೆ ಅಳವಡಿಸಿಕೊಡುವ ಐಟಿ ಕಂಪನಿಗಳನ್ನು "ಪಾರ್ಟ್ನರ್" ಎಂದು ಗುರುತಿಸಿ ಶ್ರೇಣಿ ಕೊಡುತ್ತವೆ. ಶ್ರೇಣಿ ಮೇಲಾದಷ್ಟೂ ಸವಲತ್ತು, ಗ್ರಾಹಕರ ಪರಿಚಯ, ಟೆಂಡರಿನಲ್ಲಿ ತೂಕ ಹೆಚ್ಚು. ಶ್ರೇಣಿ ಸಿಗಲು ಇರುವ ಷರತ್ತುಗಳಲ್ಲಿ ಒಂದು, ಸಿಬ್ಬಂದಿಯಲ್ಲಿ ಇಂತಿಷ್ಟು ಮಂದಿ ಆ ಸೇವೆಯ ಸರ್ಟಿಫಿಕೇಟ್ ಪಡೆದಿರಬೇಕು ಎಂಬುದು. ಕಂಪನಿಗಳು ತಮ್ಮ ನೌಕರರ ಪರೀಕ್ಷಾ ಶುಲ್ಕವನ್ನು ತಾವೇ ಕಟ್ಟುವುದು, ಪಾಸಾದರೆ ಬೋನಸ್ ಕೊಡುವುದು ಸುಮ್ಮನೆ ಅಲ್ಲ.

ಅದೇ ಪರೀಕ್ಷೆಯನ್ನು ಹೊರಗಿನವರೊಬ್ಬರು ಕೈಯಿಂದ ದುಡ್ಡು ಹಾಕಿ ಪಾಸು ಮಾಡಿಕೊಂಡರೆ ಕಂಪನಿಗೆ ಹೊಸದೇನೂ ಸಿಗುವುದಿಲ್ಲ. ಈಗಾಗಲೇ ಗ್ರಾಹಕರ ಪ್ರಾಜೆಕ್ಟಿನಲ್ಲಿರುವ ತನ್ನ ನೌಕರನನ್ನು ಎರಡು ತಿಂಗಳು ಓದಿಸಿ ಪರೀಕ್ಷೆಗೆ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ. ಹೊರಗಿನವರನ್ನು ತಂದರೆ ಸಂಬಳ, ತರಬೇತಿ, ಪ್ರಾಜೆಕ್ಟ್ ಸಿಗುವವರೆಗೆ ಬೆಂಚಿನಲ್ಲಿ ಕೂರಿಸುವ ಖರ್ಚು ಎಲ್ಲ ಹೊಸದು. ಇಬ್ಬರ ಕೈಯಲ್ಲಿರುವುದೂ ಒಂದೇ ಕಾಗದ, ಬೆಲೆ ಮಾತ್ರ ಬೇರೆ. ಸರ್ಟಿಫಿಕೇಟ್‌ನಿಂದ ಸಂಬಳ ಇಷ್ಟು ಏರಿತು ಎಂದು ತೋರಿಸುವ ಲೆಕ್ಕಗಳನ್ನು ಓದುವಾಗ ಆ ಏರಿಕೆ ಕಂಡವರು ಮೊದಲೇ ಒಳಗಿದ್ದವರೋ, ಹೊರಗಿನಿಂದ ಬಂದವರೋ ಎಂದು ನೋಡಿಕೊಳ್ಳಬೇಕು.

ಬಿಲ್ಲೆಗೆ ಬೇಡಿಕೆ ಹುಟ್ಟುವ ಇನ್ನೊಂದು ಮೂಲ ಕಾನೂನು. ಬ್ಯಾಂಕುಗಳು ಮಾಹಿತಿ ವ್ಯವಸ್ಥೆಯ ಆಡಿಟ್ ಮಾಡಿಸಲೇಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. ಷೇರುಪೇಟೆಯ ಸಂಸ್ಥೆಗಳಿಗೆ ಸೆಬಿ 2024ರ ಆಗಸ್ಟಿನಲ್ಲಿ ಸೈಬರ್ ಸುರಕ್ಷತೆಯ ಚೌಕಟ್ಟು ಹಾಕಿತು. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶಿಸಿತ್ತು. ಇಂಥ ಕಡೆ "ಅರ್ಹತೆ ಇರುವವರು ನೋಡಿದ್ದಾರೆ" ಎಂದು ಕಡತದಲ್ಲಿ ತೋರಿಸಬೇಕಾಗುತ್ತದೆ, ಅದಕ್ಕೆ ಸಹಿ ಹಾಕುವವರ ಹೆಸರಿನ ಮುಂದೆ ಬಿಲ್ಲೆ ಬೇಕಾಗುತ್ತದೆ.

ಅಮೆರಿಕದ ಸಲಹೆ, ಬೆಂಗಳೂರಿನ ಸಂದರ್ಶನ

ವೃತ್ತಿ ಬದಲಿಸುವವರಿಗೆ ಅಂತರ್ಜಾಲದಲ್ಲಿ ಮೊದಲು ಸಿಗುವ ಉಪದೇಶ ಒಂದು ತ್ರಿವಳಿ: ಅಮೆರಿಕದ ಕಾಂಪ್‌ಟಿಯಾ ಸಂಸ್ಥೆಯ ಪರೀಕ್ಷೆಗಳಾದ ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸೆಕ್ಯುರಿಟಿ ಪ್ಲಸ್. ಉಪದೇಶ ಕೆಟ್ಟದ್ದಲ್ಲ, ಅದರ ವಿಳಾಸ ಬೇರೆ. ಅಮೆರಿಕದ ರಕ್ಷಣಾ ಇಲಾಖೆ 2005ರಲ್ಲಿ 8570 ಎಂಬ ನಿಯಮಾವಳಿ ತಂದು, ತನ್ನ ಸುರಕ್ಷತಾ ಹುದ್ದೆಗಳಲ್ಲಿರುವವರಿಗೂ ಗುತ್ತಿಗೆದಾರರ ನೌಕರರಿಗೂ ನಿಗದಿತ ಸರ್ಟಿಫಿಕೇಟ್ ಕಡ್ಡಾಯ ಮಾಡಿತು. ಆ ಪಟ್ಟಿಯಲ್ಲಿ ಸೆಕ್ಯುರಿಟಿ ಪ್ಲಸ್ ಇತ್ತು. ಈಗ 8140 ಎಂಬ ನಿಯಮ ಅದರ ಜಾಗಕ್ಕೆ ಬಂದಿದೆ. ವರ್ಜೀನಿಯಾದಲ್ಲಿ ಸೇನೆಯಿಂದ ನಿವೃತ್ತನಾದ ನಲವತ್ತೈದರ ವ್ಯಕ್ತಿಗೆ ಈ ಪರೀಕ್ಷೆ ನಿಜಕ್ಕೂ ಬಾಗಿಲು ತೆರೆಯುತ್ತದೆ, ಏಕೆಂದರೆ ಬಾಗಿಲ ಮೇಲೆ ಅದರ ಹೆಸರು ಬರೆದಿದೆ.

ಬೆಂಗಳೂರಿನ ಬಾಗಿಲ ಮೇಲೆ ಹಾಗೆ ಬರೆದಿಲ್ಲ. ಇಲ್ಲಿ ನೆಟ್‌ವರ್ಕಿಂಗ್ ಎಂದರೆ ಸಿಸ್ಕೊದ ಸಿಸಿಎನ್‌ಎ, ಟೆಸ್ಟಿಂಗ್ ಎಂದರೆ ಐಎಸ್‌ಟಿಕ್ಯೂಬಿ, ಲಿನಕ್ಸ್ ಎಂದರೆ ರೆಡ್ ಹ್ಯಾಟ್ ಸರ್ಟಿಫಿಕೇಟು ಎಂದು ಕೇಳುವವರು ಹೆಚ್ಚು. ಗಂಡನ ಕೆಲಸದ ಮೇಲೆ ನ್ಯೂಜೆರ್ಸಿಗೋ ಟೆಕ್ಸಸ್‌ಗೋ ಹೋಗಿ, ಮಕ್ಕಳು ಶಾಲೆಗೆ ಸೇರಿದ ಮೇಲೆ ಕೆಲಸ ಹುಡುಕುವ ಕನ್ನಡದ ಹೆಣ್ಣುಮಕ್ಕಳಿಗೂ ಈ ತೊಡಕು ತಟ್ಟುತ್ತದೆ. 2015ರಿಂದ ಎಚ್-4 ವೀಸಾದ, ಅಂದರೆ ನೌಕರರ ಸಂಗಾತಿಯಾಗಿ ಹೋದ, ಕೆಲವರಿಗೆ ಕೆಲಸದ ಪರವಾನಗಿ ಸಿಗುತ್ತಿದೆ. ಆದರೆ ಸೆಕ್ಯುರಿಟಿ ಪ್ಲಸ್‌ಗೆ ಅತಿ ಹೆಚ್ಚು ಬೇಡಿಕೆ ಇರುವ ರಕ್ಷಣಾ ಕೆಲಸಗಳಿಗೆ ಭದ್ರತಾ ಅನುಮತಿ ಬೇಕು, ಅದಕ್ಕೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಪರೀಕ್ಷೆ ಪಾಸಾಗಬಹುದು, ಅದರ ಮುಖ್ಯ ಮಾರುಕಟ್ಟೆಗೆ ಮಾತ್ರ ಕಾಲಿಡಲಾಗದು.

ಪಿರಮಿಡ್ಡಿನ ತಳದಲ್ಲಿ ನಲವತ್ತರವರು

ಸೇವಾ ಕಂಪನಿಗಳ ಲಾಭ ನಿಂತಿರುವುದು ಪಿರಮಿಡ್ಡಿನ ಮೇಲೆ. ತಳದಲ್ಲಿ ಕಡಿಮೆ ಸಂಬಳದ ಹೊಸಬರು ಬಹಳ, ಮೇಲೆ ಹೋದಂತೆ ದುಬಾರಿ ಜನ ಕಡಿಮೆ. ಹೊಸಬರ ವಾರ್ಷಿಕ ಸಂಬಳ ದಶಕದಿಂದಲೂ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಇಪ್ಪತ್ತೆರಡರ ಹುಡುಗ ಪಿಜಿಯಲ್ಲಿದ್ದುಕೊಂಡು ಆ ಸಂಬಳದಲ್ಲಿ ಬದುಕುತ್ತಾನೆ, ರಾತ್ರಿ ಪಾಳಿಗೂ ಒಪ್ಪುತ್ತಾನೆ, ಎರಡು ವರ್ಷದಲ್ಲಿ ಕಂಪನಿ ಬದಲಿಸುತ್ತಾನೆ. ಗೃಹಸಾಲದ ಕಂತು, ಮಕ್ಕಳ ಶಾಲಾ ಫೀಸು ಇರುವವರಿಗೆ ಅದು ಸಾಲದು. ಸಾಕು ಎಂದು ಅವರೇ ಒಪ್ಪಿದರೂ ಸಂದರ್ಶಕರು ನಂಬುವುದಿಲ್ಲ. ಇಪ್ಪತ್ತೆಂಟರ ಟೀಮ್ ಲೀಡ್ ಕೈಕೆಳಗೆ ಇವರು ಹೇಗೆ ಹೊಂದಿಕೊಳ್ಳುತ್ತಾರೆ ಎಂಬ ಅನುಮಾನ ಬೇರೆ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು.

ಅನೇಕ ಸಲ ಮಾತು ಸಂದರ್ಶನದವರೆಗೂ ಬರುವುದಿಲ್ಲ. ಫ್ರೆಶರ್ ಹುದ್ದೆಗಳ ಜಾಹೀರಾತಿನಲ್ಲಿ ಇಂಥ ಇಸವಿಯಲ್ಲೇ ಪದವಿ ಮುಗಿಸಿರಬೇಕು, ಓದಿನ ನಡುವೆ ಇಷ್ಟಕ್ಕಿಂತ ಹೆಚ್ಚು ಬಿಡುವು ಇರಬಾರದು ಎಂಬ ಷರತ್ತು ಸಾಮಾನ್ಯ. ಅರ್ಜಿ ತುಂಬುವ ಪುಟವೇ 2004ರ ಪದವಿಯನ್ನು ಸ್ವೀಕರಿಸದೆ ನಿಲ್ಲುತ್ತದೆ. ಅಮೆರಿಕದಲ್ಲಿ ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ತಿರಸ್ಕರಿಸುವುದರ ವಿರುದ್ಧ 1967ರಿಂದಲೇ ಕಾಯ್ದೆ ಇದೆ. ಖಾಸಗಿ ನೇಮಕಾತಿಗೆ ಅನ್ವಯಿಸುವ ಅಂಥ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ.

ಹಾಗೆಂದು ಎಳೆಯರಿಗೂ ತಳದ ಬಾಗಿಲು ಹಾರು ಹೊಡೆದಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಆಂತರಿಕ ಪರೀಕ್ಷೆಯಲ್ಲಿ ಮೂರು ಸಲ ಅನುತ್ತೀರ್ಣರಾದರೆಂದು ಮನೆಗೆ ಕಳಿಸಿತು.

ಬಾಗಿಲು ಕಿರಿದಾದಾಗ ಕಿಟಕಿ ತೋರಿಸುವವರು ಬರುತ್ತಾರೆ. ಸರ್ಟಿಫಿಕೇಟ್ ಜೊತೆಗೆ ಮೂರು ವರ್ಷದ "ಅನುಭವ"ವನ್ನೂ ಮಾಡಿಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳ ದಂಧೆ ಗುಟ್ಟಿನದೇನಲ್ಲ. ಹಿಂದೆ ಅದು ದಕ್ಕುತ್ತಿತ್ತೇನೋ. ಈಗ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಪಿಎಫ್‌ನ ಯುಎಎನ್ ಖಾತೆ ನೋಡುತ್ತಾರೆ: ಯಾವ ತಿಂಗಳು ಯಾವ ಸಂಸ್ಥೆ ಹಣ ಕಟ್ಟಿದೆ ಎಂಬುದು ಅಲ್ಲೇ ಇರುತ್ತದೆ. ಇಪ್ಪತ್ತು ವರ್ಷ ಇನ್ನೊಂದು ಕಡೆ ಪಿಎಫ್ ಕಟ್ಟಿದವರ ಸುಳ್ಳು ಸಿಕ್ಕಿಬೀಳುವಷ್ಟು ಸುಲಭವಾಗಿ ಎಳೆಯರದು ಸಿಕ್ಕಿಬೀಳುವುದಿಲ್ಲ.

ಯಾರು ಏನನ್ನುತ್ತಾರೆ

ತರಬೇತಿ ಸಂಸ್ಥೆಗಳ ವಾದ ಪೂರ್ತಿ ಪೊಳ್ಳಲ್ಲ. ಪದವಿಗೆ ವರ್ಷಗಳು ಬೇಕು, ಸರ್ಟಿಫಿಕೇಟಿಗೆ ತಿಂಗಳುಗಳು ಸಾಕು. ಕಲಿಕೆಗೆ ಒಂದು ಪಠ್ಯಕ್ರಮ, ಒಂದು ಗಡುವು ಸಿಗುತ್ತದೆ. ಕೆಲಸ, ಸಂಸಾರದ ನಡುವೆ ಓದುವವರಿಗೆ ಗಡುವು ದೊಡ್ಡ ಸಹಾಯ. ನೇಮಕಾತಿ ಮಾಡುವವರು ಹೇಳುವುದು, ಬಿಲ್ಲೆ ನೋಡಿ ಕರೆಯಬಹುದು, ಕೆಲಸ ಕೊಡುವುದು ಮಾಡಿ ತೋರಿಸಿದ್ದಕ್ಕೆ. ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಮಾರುವ "ಡಂಪ್"ಗಳು ಹರಡಿದ ಮೇಲೆ ಈ ಅನುಮಾನ ಗಟ್ಟಿಯಾಗಿದೆ. ನೌಕರರ ಸಂಘಟನೆಗಳ ಕೂಗು ಬೇರೆ: ಹೊಸ ಕೌಶಲ ಕಲಿಸುವ ಹೊಣೆಯನ್ನು ಕಂಪನಿಗಳು ನೌಕರರ ಹೆಗಲಿಗೆ ದಾಟಿಸಿ, ಕಲಿಯಲಿಲ್ಲ ಎಂದು ಅವರನ್ನೇ ಹೊರಹಾಕುತ್ತಿವೆ ಎಂಬುದು.

"ಶೇ 100 ಪ್ಲೇಸ್‌ಮೆಂಟ್" ಎಂದು ಮೂಗಿಗೆ ತುಪ್ಪ ಸವರುವವರಿಗೆ ಕಡಿವಾಣ ಇಲ್ಲದೇ ಇಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ತಂದ ಮಾರ್ಗಸೂಚಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳಿಗೆ ಅನ್ವಯಿಸುತ್ತದೆ. ಸುಳ್ಳು ಖಾತ್ರಿ ಕೊಡುವಂತಿಲ್ಲ, ಯಶಸ್ವಿಯಾದವರ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಅಮೆರಿಕದಲ್ಲಿ ಬ್ಲೂಮ್‌ಟೆಕ್ ಎಂಬ ಕೋಡಿಂಗ್ ಶಾಲೆಯ ವಿರುದ್ಧ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣೆಯ ಸರ್ಕಾರಿ ಸಂಸ್ಥೆ 2024ರ ಏಪ್ರಿಲಿನಲ್ಲಿ ಕ್ರಮ ಕೈಗೊಂಡಿತು. ಶೇ 71ರಿಂದ 86ರಷ್ಟು ಮಂದಿಗೆ ಕೆಲಸ ಸಿಗುತ್ತದೆ ಎಂದು ಜಾಹೀರಾತು ಹೇಳುತ್ತಿದ್ದಾಗ, ಹೂಡಿಕೆದಾರರಿಗೆ ಕೊಟ್ಟ ಒಳಲೆಕ್ಕದಲ್ಲಿ ಅದು ಶೇ 50ರ ಹತ್ತಿರವಿತ್ತು, ಒಮ್ಮೆ ಶೇ 30ಕ್ಕೂ ಇಳಿದಿತ್ತು. ಈ ವ್ಯಾಪಾರದಲ್ಲಿ ಎರಡು ಲೆಕ್ಕದ ಪುಸ್ತಕ ಇರಬಹುದು ಎಂಬುದಕ್ಕೆ ದಾಖಲೆಯಾದ ಉದಾಹರಣೆ ಇದು.

ಹಳೆಯ ಕೆಲಸವೇ ಬಂಡವಾಳ

ಹಾಗಾದರೆ ದಾಟಿದವರು ಯಾವ ಕಡೆಯಿಂದ ದಾಟುತ್ತಾರೆ? ಹಳೆಯ ವೃತ್ತಿಯನ್ನು ಬಿಟ್ಟು ಜಿಗಿಯುವ ಬದಲು, ಅದಕ್ಕೆ ಅಂಟಿಕೊಂಡೇ ಇರುವ ಐಟಿ ಕೆಲಸಕ್ಕೆ ಸರಿದುಕೊಳ್ಳುವವರಿಗೆ ಅವಕಾಶ ಹೆಚ್ಚು.

ಲೆಕ್ಕಪರಿಶೋಧಕರನ್ನೋ ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದವರನ್ನೋ ತೆಗೆದುಕೊಳ್ಳಿ. ಮಾಹಿತಿ ವ್ಯವಸ್ಥೆಯ ಆಡಿಟರುಗಳಿಗಾಗಿ ಐಸಾಕಾ ಸಂಸ್ಥೆ ನಡೆಸುವ ಸಿಐಎಸ್‌ಎ ಪರೀಕ್ಷೆ ನಾಲ್ಕು ಗಂಟೆ, 150 ಪ್ರಶ್ನೆ. ಪಾಸಾದರೆ ಮಾತ್ರ ಸಾಲದು, ಮಾಹಿತಿ ವ್ಯವಸ್ಥೆಯ ಆಡಿಟ್ ಅಥವಾ ನಿಯಂತ್ರಣದಲ್ಲಿ ಐದು ವರ್ಷದ ಅನುಭವ ತೋರಿಸಬೇಕು. ಪದವಿ ಮತ್ತು ಇತರ ಆಡಿಟ್ ಅನುಭವಕ್ಕೆ ಇದರಲ್ಲಿ ಒಂದಿಷ್ಟು ವಿನಾಯಿತಿ ಇದೆ. ಮೊದಲು ಪರೀಕ್ಷೆ ಮುಗಿಸಿ ಅನುಭವವನ್ನು ಆಮೇಲೆ ಕೂಡಿಸಿಕೊಳ್ಳಲೂ ಬರುತ್ತದೆ. ಇಲ್ಲಿ ವಯಸ್ಸು ಭಾರವಲ್ಲ. ಸಾಲದ ಕಡತದಲ್ಲಿ ಮೋಸ ಎಲ್ಲಿ ನುಸುಳುತ್ತದೆ ಎಂದು ಕಂಡವರಿಗೆ, ತಂತ್ರಾಂಶದಲ್ಲಿ ಅದು ಎಲ್ಲಿ ನುಸುಳಬಹುದು ಎಂದು ಹೇಳಿಕೊಡುವುದು ಸುಲಭ. ಇಪ್ಪತ್ತೆರಡರ ಎಂಜಿನಿಯರಿಗೆ ಸಾಲದ ಕಡತ ಕಲಿಸುವುದು ಅಷ್ಟು ಸುಲಭವಲ್ಲ.

ಕಂಪನಿಗಳ ಖರೀದಿ, ದಾಸ್ತಾನು, ಲೆಕ್ಕಪತ್ರ ನೋಡಿಕೊಳ್ಳುವ ಸ್ಯಾಪ್ ಎಂಬ ತಂತ್ರಾಂಶವಿದೆ. ಸ್ಟೋರ್ಸ್, ಖರೀದಿ ನೋಡಿಕೊಂಡವರಿಗೆ ಅದರ ಎಂಎಂ ವಿಭಾಗ, ಅಕೌಂಟ್ಸ್‌ನವರಿಗೆ ಫೈಕೊ ವಿಭಾಗ ಇಂಥದೇ ದಾರಿ. ಕಾರ್ಖಾನೆಯಲ್ಲಿ ಸ್ಯಾಪ್ ಹಾಕುವಾಗ ಬಳಕೆದಾರರ ಪರವಾಗಿ ಕೂತು ಪರೀಕ್ಷಿಸಿದವರು ಮುಂದೆ ಅದೇ ಕೆಲಸವನ್ನು ಕನ್ಸಲ್ಟಂಟ್ ಆಗಿ ಮಾಡುತ್ತಾರೆ. ಫಿನಾಕಲ್, ಬ್ಯಾಂಕ್ಸ್ ತಂತ್ರಾಂಶಗಳ ಮೇಲೆ ದಿನನಿತ್ಯ ಕೂತ ಬ್ಯಾಂಕಿನವರು ಬ್ಯಾಂಕಿಂಗ್ ಪ್ರಾಜೆಕ್ಟುಗಳ ಟೆಸ್ಟಿಂಗಿಗೆ, ಬಿಸಿನೆಸ್ ಅನಾಲಿಸಿಸ್‌ಗೆ, ಅಂದರೆ ಗ್ರಾಹಕರಿಗೆ ಏನು ಬೇಕೆಂದು ತಂತ್ರಾಂಶದವರಿಗೆ ಬಿಡಿಸಿಹೇಳುವ ಕೆಲಸಕ್ಕೆ, ಹೊಂದುತ್ತಾರೆ. ಅವರ ಕೈಯಲ್ಲಿ ಐಎಸ್‌ಟಿಕ್ಯೂಬಿ ಫೌಂಡೇಶನ್ ಸರ್ಟಿಫಿಕೇಟು, ಅಂದರೆ 40 ಪ್ರಶ್ನೆಯಲ್ಲಿ 26 ಅಂಕ ತೆಗೆಯಬೇಕಾದ ಒಂದು ಗಂಟೆಯ ಪರೀಕ್ಷೆ, ಊಟದ ಜೊತೆಗಿನ ಉಪ್ಪಿನಕಾಯಿ. ಊಟವೇ ಇಲ್ಲದವರ ಎಲೆಯಲ್ಲಿ ಅದೊಂದೇ ಇದ್ದರೆ ಕಷ್ಟ. ನರ್ಸಿಂಗ್, ಫಾರ್ಮಸಿಯಿಂದ ಮೆಡಿಕಲ್ ಕೋಡಿಂಗಿಗೆ ಹೋಗುವವರೂ ಇದ್ದಾರೆ. ಅದರಲ್ಲಿ ಕೋಡಿಂಗ್ ಎಂದರೆ ಪ್ರೋಗ್ರಾಮಿಂಗ್ ಅಲ್ಲ, ಅಮೆರಿಕದ ವಿಮಾ ಬಿಲ್ಲುಗಳಿಗೆ ಸಂಕೇತ ಹಾಕುವ ಕೆಲಸ. ಜಾಹೀರಾತುಗಳು ಈ ವ್ಯತ್ಯಾಸವನ್ನು ಬೇಕೆಂದೇ ಮಸುಕಾಗಿಸುವುದುಂಟು.

ಹಳೆಯ ವೃತ್ತಿಯ ನಂಟೇ ಬೇಡ, ಸರ್ವರ್, ನೆಟ್‌ವರ್ಕ್‌ಗೇ ಹೋಗುತ್ತೇನೆ ಎನ್ನುವವರು ಪರೀಕ್ಷೆಯ ಬಗೆ ನೋಡಿ ಆರಿಸುವುದು ಒಳ್ಳೆಯದು. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ಹಲವು ಸರ್ವರುಗಳ ಮೇಲೆ ತಂತ್ರಾಂಶ ನಡೆಸುವ ಕುಬರ್ನೆಟೀಸ್ ವ್ಯವಸ್ಥೆಯ ಸಿಕೆಎ ಪರೀಕ್ಷೆಗಳಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ, ಕೆಟ್ಟಿರುವುದನ್ನು ಸರಿಮಾಡಿ ಎನ್ನುತ್ತಾರೆ. ಉರುಹೊಡೆದು ಪಾಸಾಗುವುದು ಕಷ್ಟವಾದ್ದರಿಂದ ಸಂದರ್ಶಕರಿಗೆ ಇವುಗಳ ಮೇಲೆ ನಂಬಿಕೆ ಸ್ವಲ್ಪ ಹೆಚ್ಚು.

ಖರ್ಚು, ವಾಯಿದೆ

ಸಿಸಿಎನ್‌ಎ ಪರೀಕ್ಷೆಗೆ 300 ಡಾಲರ್, ತೆರಿಗೆ ಬೇರೆ. ಅಂದರೆ 25 ಸಾವಿರ ರೂಪಾಯಿ ದಾಟುತ್ತದೆ, ಫೇಲಾದರೆ ಮತ್ತೆ ಅಷ್ಟೇ. ಅಮೆಜಾನಿನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಅಸೋಸಿಯೇಟ್ ಹಂತಕ್ಕೆ 150 ಡಾಲರ್. ಕೋಚಿಂಗ್ ಶುಲ್ಕ ಇದರ ಹಲವು ಪಟ್ಟು, ಅದರ ಮೇಲೆ ಶೇ 18 ಜಿಎಸ್‌ಟಿ. ಸಿಸಿಎನ್‌ಎ, ಎಡಬ್ಲ್ಯೂಎಸ್ ಮೂರು ವರ್ಷಕ್ಕೆ ಮುಗಿಯುತ್ತವೆ. ಸಿಕೆಎ 2024ರಿಂದ ಎರಡೇ ವರ್ಷ. ಮೈಕ್ರೋಸಾಫ್ಟಿನ ಅಸೋಸಿಯೇಟ್ ಹಂತದ್ದು ಒಂದೇ ವರ್ಷ, ಆದರೆ ನವೀಕರಣ ಉಚಿತ. ಐಎಸ್‌ಟಿಕ್ಯೂಬಿ ಫೌಂಡೇಶನ್‌ಗೆ ವಾಯಿದೆ ಇಲ್ಲ. ಕೆಲಸ ಹುಡುಕುವುದರಲ್ಲೇ ಒಂದೂವರೆ ವರ್ಷ ಕಳೆದರೆ ಮೂರು ವರ್ಷದ ಬಿಲ್ಲೆಯ ಅರ್ಧ ಆಯಸ್ಸು ಮುಗಿದಿರುತ್ತದೆ.

ಕಲಿಯುವುದಕ್ಕೆ ಲಕ್ಷ ಸುರಿಯಲೇಬೇಕೆಂದಿಲ್ಲ. ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟೆಲ್ ಪಾಠಗಳು ಉಚಿತ, ಪರೀಕ್ಷೆ ಬರೆಯುವವರಷ್ಟೇ ಶುಲ್ಕ ಕಟ್ಟಿದರೆ ಸಾಕು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್, ಪೈಥಾನ್‌ನಂಥ ವಿಷಯಗಳನ್ನು ಕನ್ನಡ ಧ್ವನಿಯಲ್ಲೇ ಕೇಳಬಹುದು. ಕೆಲಸ ಬಿಡುವ ಮೊದಲು ಮೂರು ತಿಂಗಳು ಇವುಗಳ ಜೊತೆ ಕಳೆದರೆ, ಈ ಕೆಲಸ ತನಗೆ ಹಿಡಿಸುತ್ತದೆಯೇ ಎಂಬುದಾದರೂ ತಿಳಿಯುತ್ತದೆ.

ಸವೆಯುತ್ತಿರುವ ಮೊದಲ ಮೆಟ್ಟಿಲು

ಟಿಸಿಎಸ್ ತನ್ನ ಕಡಿತಕ್ಕೆ ಕೃತಕ ಬುದ್ಧಿಮತ್ತೆ ಕಾರಣವಲ್ಲ, ಕೌಶಲದ ಹೊಂದಾಣಿಕೆ ಆಗದಿರುವುದೇ ಕಾರಣ ಎಂದಿತ್ತು. ಎಷ್ಟು ಮಂದಿ ಇದನ್ನು ನಂಬಿದರೋ ಬೇರೆ ಮಾತು. ವೃತ್ತಿ ಬದಲಿಸುವವರ ಮಟ್ಟಿಗೆ ಎಐನ ಏಟು ಬೀಳುವುದು ಇನ್ನೊಂದು ಜಾಗದಲ್ಲಿ. ಎಂಜಿನಿಯರ್ ಅಲ್ಲದವರು ಇಷ್ಟು ವರ್ಷ ಒಳಗೆ ನುಸುಳುತ್ತಿದ್ದದ್ದು ಮೊದಲ ಹಂತದ ಹೆಲ್ಪ್‌ಡೆಸ್ಕ್, ಮ್ಯಾನ್ಯುವಲ್ ಟೆಸ್ಟಿಂಗ್, ಡೇಟಾ ಎಂಟ್ರಿಗಳ ಮೂಲಕ. ಪಾಸ್‌ವರ್ಡ್ ಮರುಹೊಂದಿಸುವ, ಪಟ್ಟಿ ಹಿಡಿದು ಒಂದೊಂದೇ ಗುಂಡಿ ಒತ್ತಿ ನೋಡುವ ಈ ಕೆಲಸಗಳೇ ಯಂತ್ರಕ್ಕೆ ಮೊದಲು ಸಿಗುವಂಥವು. ಪ್ರವೇಶ ಹಂತದ ಸರ್ಟಿಫಿಕೇಟುಗಳು ಅಭ್ಯರ್ಥಿಗಳನ್ನು ಸಿದ್ಧಪಡಿಸುವುದೂ ಬಹುಪಾಲು ಇವೇ ಕೆಲಸಗಳಿಗೆ. ಆಡಿಟ್, ಬ್ಯಾಂಕಿಂಗ್ ನಿಯಮ, ಕಾರ್ಖಾನೆಯ ಖರೀದಿ ತಿಳಿದವರು ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಹೇಳಬಲ್ಲರು. ಹೆಲ್ಪ್‌ಡೆಸ್ಕಿನ ಮೊದಲ ಕುರ್ಚಿಗೆ ಅಂಥ ರಕ್ಷಣೆ ಇಲ್ಲ.

ದುಡ್ಡು ಕಟ್ಟುವ ಮೊದಲು ಮನೆಯಲ್ಲೇ ಕೂತು ಮಾಡಬಹುದಾದ ಪರಿಶೀಲನೆ ಒಂದಿದೆ. ಉದ್ಯೋಗ ಪೋರ್ಟಲ್ ತೆರೆದು ಆ ಸರ್ಟಿಫಿಕೇಟಿನ ಹೆಸರು ಹಾಕಿ, ಸೊನ್ನೆಯಿಂದ ಎರಡು ವರ್ಷ ಅನುಭವ ಎಂದು ಸೋಸಿ, ಉಳಿದ ಜಾಹೀರಾತುಗಳಲ್ಲಿ ಪದವಿಯ ಇಸವಿ ಕೇಳದವು ಎಷ್ಟು ಎಂದು ಎಣಿಸಬೇಕು. ಆಮೇಲೆ ತರಬೇತಿ ಸಂಸ್ಥೆಗೆ ಹೋಗಿ, ಕಳೆದ ಎರಡು ಬ್ಯಾಚುಗಳಲ್ಲಿ ಮೂವತ್ತೆಂಟು ದಾಟಿದವರು ಎಷ್ಟು ಮಂದಿ ಇದ್ದರು, ಅವರಲ್ಲಿ ಕೆಲಸ ಸಿಕ್ಕಿದ್ದು ಎಷ್ಟು ಮಂದಿಗೆ, ಯಾವ ಹುದ್ದೆ, ಎಷ್ಟು ಸಂಬಳ ಎಂದು ಕೇಳಿ, ಉತ್ತರವನ್ನು ಸಂಸ್ಥೆಯ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಬೇಕು. ಕೊಟ್ಟ ಮಾತು ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಆ ಹಾಳೆಯೂ, ಹಣ ಕಟ್ಟಿದ ರಸೀದಿಯೂ ಬೇಕಾಗುತ್ತವೆ.